ಸೋದರಮಾವನ ಅಂಬಾಸಿಡರ್

ಸುಧಾಕರನಿಗೆ ಲೋಕದಲ್ಲಿ ಯಾರ ಮೇಲೂ ನಂಬಿಕೆ ಇರಲಿಲ್ಲ. ಪಕ್ಕದ ಮನೆಯ ಸೂರನ ಮೇಲಂತೂ ಸಾಸಿವೆ ಕಾಳಿನಷ್ಟೂ ಇರಲಿಲ್ಲ. ಸೂರ ಮುಂಬೈ ಬಿಟ್ಟು ಊರಿಗೆ ಬಂದು ಓಮ್ನಿ ತೆಗೆದದ್ದೇ ತನ್ನ ಅಪ್ಪಯ್ಯನ ಕಾಲದ ಅಂಬಾಸಿಡರನ್ನು ಅಣಕಿಸುವುದಕ್ಕೆ ಎಂದು ಕೋಟದ ತನ್ನ ಬಟ್ಟೆ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಅವರು ಹೌದೌದು ಅಂದು ಮೈ ಒರೆಸುವ ಒಂದು ಬೈರಾಸು ಕೊಂಡು ಹೋಗುತ್ತಿದ್ದರು.

ಈಗ ಅವನ ತಂಗಿ ವಿನಯಾಳ ಮಗಳು ಚಂದನಾಳಿಗೆ ಮದುವೆ. ಯಡ್ತರೆಯಲ್ಲಿ ಗಂಡಿನ ಮನೆಯಂಗಳದಲ್ಲೇ ಚಪ್ಪರ, ಮಧ್ಯಾಹ್ನ ಅಭಿಜಿನ್ ಲಗ್ನ. ಮದುಮಗಳು ಸೋದರಮಾವನ ಕಾರಿನಲ್ಲೇ ಬಂದು ಇಳಿಯಬೇಕೆಂದು ಸುಧಾಕರನ ಹಟ.

"ಅಣ್ಣ, ನಿನ್ ಕಾರ್ ಕುಂದಾಪ್ರ ದಾಟುದ್ರೊಳ್ಗೆ ಎರಡ್ ಸಲ ನೀರ್ ಕುಡಿತ್ತ್. ಸೂರ ಓಮ್ನಿ ಕೊಡ್ತೆ ಅಂದಿದ" ಎಂದು ವಿನಯಾ ಮೆಲ್ಲಗೆ ಹೇಳಿ ನೋಡಿದಳು.

"ಅವ್ನ್ ಓಮ್ನಿಯಗೆ ಹೆಣ್ಣ್ ಬಂದ್ರೆ ಸೋದರಮಾವನ ಶಾಸ್ತ್ರನೂ ಅವ್ನೇ ಮಾಡ್ಲಿ. ನಾನ್ ಮದಿಗೇ ಬತ್ತಿಲ್ಲೆ!"

ಅಂದುಬಿಟ್ಟ. ಅಂದ ಮೇಲೆ ಅನುಮಾನ ಶುರುವಾಯಿತು. ಈ ಮಾತು ಸೂರನ ಕಿವಿಗೆ ಬೀಳದೆ ಇದ್ದೀತೆ? ಬಿದ್ದ ಮೇಲೆ ಅವನು ಸುಮ್ಮನೆ ಕೂತಾನೆ? ರೇಡಿಯೇಟರಿಗೆಂದು ಬಾವಿಯ ನೀರು ತುಂಬಿಸಿದ ಬಿಳಿ ಕ್ಯಾನು ಕಾರಿನ ಪಕ್ಕ ಅಂಗಳದಲ್ಲೇ ಇತ್ತು. ಅದಕ್ಕೆ ಒಂದು ಮುಷ್ಟಿ ಉಪ್ಪು ಹಾಕಿದರೆ ಮುಗಿಯಿತಲ್ಲ! ಮದುವೆಯ ಹಿಂದಿನ ಸಂಜೆಯೇ ಸುಧಾಕರ ಅದನ್ನು ಹೊತ್ತೊಯ್ದು ಕೊಟ್ಟಿಗೆಯಲ್ಲಿ ಬೈಹುಲ್ಲಿನ ಮರೆಗೆ ಅಡಗಿಸಿದ. ಹೆಂಡತಿ ಕುಸುಮಳಿಗೂ ಹೇಳಲಿಲ್ಲ. ಅವಳಿಗೂ ಸೂರನ ಹೆಂಡತಿ ಜಲಜಳಿಗೂ ಬೇಲಿಯ ಮೇಲೆ ದಿನವೂ ಮಾತುಕತೆ. ಹೆಂಗಸರ ಬಾಯಿ, ಯಾರಿಗೆ ಗೊತ್ತು?

ಮರುದಿನ ನಸುಕಿನಲ್ಲೇ ಕ್ಯಾನು ಎತ್ತಿ ತಂದು ರೇಡಿಯೇಟರಿಗೆ ಸುರಿದ. ಕೈ ಸುರಿಯುತ್ತಿತ್ತು, ಕಣ್ಣು ಬೇಲಿಯ ಮೇಲಿತ್ತು. ಅಂದುಕೊಂಡ ಹಾಗೆಯೇ ಅಲ್ಲಿ ಸೂರನ ತಲೆ ಮೇಲೆದ್ದಿತು.

"ಸುಧಾಕರಣ್ಣ, ನೀರ್ ಬೇಕಾ? ನಮ್ ಬಾವಿದ್ದ್ ಕೊಡುದಾ?"

"ಎಂತದೂ ಬ್ಯಾಡ!" ಎಂದ ಸುಧಾಕರ. ನೀರಿನ ವಿಷಯ ಇವನಿಗೆ ಹೇಗೆ ತಿಳಿಯಿತು ಎಂದು ಅವನಿಗೆ ದಿಗಿಲು. ಬಾನೆಟ್ಟು ಎತ್ತಿ ಕ್ಯಾನು ಹಿಡಿದು ನಿಂತಿದ್ದೇನೆ ಎಂಬುದು ಅವನ ತಲೆಗೆ ಹೋಗಲಿಲ್ಲ.

ಅಷ್ಟರಲ್ಲಿ ಕೊಟ್ಟಿಗೆಯಿಂದ ಕುಸುಮ ಕೂಗಿದಳು: "ಹ್ವಾಯ್, ಇಲ್ಲ್ ಬಂದ್ ಕಾಣಿ! ದನ ಮೂಸಿ ಮುಖ ತಿರ್ಗ್ಸ್ತ್!"

"ದನ ಅಲ್ಲ್ ಇರ್ಲಿ ಮಾರಾಯ್ತಿ, ನೀನ್ ಮೊದ್ಲ್ ಬಸ್ ಹಿಡಿ!" ಎಂದು ಸುಧಾಕರ ಕ್ಯಾನನ್ನು ಡಿಕ್ಕಿಗೆ ಹಾಕಿದ.

ಚಂದನಾಳನ್ನು ಹಿಂದೆ ಕೂರಿಸಿಕೊಂಡು ಹೊರಟದ್ದೇನೋ ಗತ್ತಿನಿಂದಲೇ. ತೆಕ್ಕಟ್ಟೆ ದಾಟುವಾಗ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಕೋಟೇಶ್ವರದಲ್ಲಿ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು.

"ಮಾವ, ಅನ್ನ ಬೆಂದ್ ವಾಸ್ನಿ ಬತ್ತಾ ಇತ್ತಲೆ?" ಎಂದಳು ಚಂದನಾ.

"ಉಪಾಸ ಅಲ್ದಾ ನೀನ್, ಹಸಿವಿಗೆ ಹಾಂಗ್ ಆತ್ತ್."

ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸುತ್ತ ಸೇರಿದರು. ಒಬ್ಬ ಫ್ಯಾನ್ ಬೆಲ್ಟ್ ಅಂದ. ಇನ್ನೊಬ್ಬ ಥರ್ಮೋಸ್ಟ್ಯಾಟ್ ಕಿತ್ತು ಬಿಸಾಡಿ ಅಂದ. ಕೊಡೆ ಹಿಡಿದ ಮುದುಕರೊಬ್ಬರು, ಇದು ಬರೀ ದೃಷ್ಟಿ, ನಾಲ್ಕು ಮೆಣಸು ಸುಟ್ಟರೆ ಆಯಿತು ಅಂದರು. ಅಷ್ಟರಲ್ಲಿ ಹಿಂದಿನಿಂದ ನೆಂಟರನ್ನು ತುಂಬಿಕೊಂಡು ಸೂರನ ಓಮ್ನಿ ಬಂದು ನಿಂತಿತು. ಸೂರ ಕೈಯಲ್ಲಿ ನೀರು ಹಿಡಿದೇ ಇಳಿದ.

ನೀರು ಹಿಡಿದೇ ಇಳಿದ! ಕಾರು ಕುದಿಯುತ್ತದೆ ಎಂದು ಮೊದಲೇ ಗೊತ್ತಿದ್ದವನ ಲಕ್ಷಣ ಅಲ್ಲವೇ ಇದು? ಸುಧಾಕರ ಅವನನ್ನು ಬದಿಗೆ ತಳ್ಳಿ, ಇಂಜಿನ್ನು ಆರಿದ ಮೇಲೆ ತನ್ನ ಕ್ಯಾನಿನಿಂದಲೇ ಮತ್ತೆ ಸುರಿದ. ಸೂರ ಹತ್ತಿರ ಬಾರದಂತೆ ಬೆನ್ನು ಅಡ್ಡ ಕೊಟ್ಟು, ಅವನನ್ನೇ ದುರುಗುಟ್ಟಿ ನೋಡುತ್ತ ಸುರಿದ.

ಈ ಸಲ ಮುಳ್ಳು ಇನ್ನೂ ಬೇಗ ಏರಿತು. ಹೆಮ್ಮಾಡಿಯಲ್ಲಿ ಮೆಕ್ಯಾನಿಕ್ ಗುಡ್ಡನ ಗ್ಯಾರೇಜಿನ ಎದುರು ಅಂಬಾಸಿಡರ್ ಪೂರ್ತಿ ಮಲಗಿತು. ವಾಟರ್ ಪಂಪ್ ಹೋಗಿದೆ, ನೋಡಬೇಕಾದ್ದೇ ಇಲ್ಲ ಎನ್ನುತ್ತ ಗುಡ್ಡ ಕೆಳಗಿನ ಪೈಪು ಬಿಚ್ಚಿದ. ನೀರು ಬರಲಿಲ್ಲ. ಬೆಳ್ಳಗೆ, ದಪ್ಪಗೆ, ಗೋಡೆಗೆ ಪೋಸ್ಟರ್ ಹಚ್ಚುವ ಅಂಟಿನಂಥದ್ದು ಲೊಳಕ್ಕೆಂದು ಬಿತ್ತು.

"ಎಂತದ ಮಾರ್ರೆ ಇದ್? ಇಷ್ಟ್ ವರ್ಷದಗೆ ಹೀಂಗಿದ್ದ್ ಕಂಡಿಲ್ಲೆ. ಯಾರೋ ಬೇಕಂದೇಳಿ ಹಾಕಿರ್" ಎಂದ ಗುಡ್ಡ.

ಸುಧಾಕರನಿಗೆ ಕುಣಿಯುವಷ್ಟು ಖುಷಿ, ಅಳುವಷ್ಟು ಸಿಟ್ಟು. ಸಾಕ್ಷಿ ಸಿಕ್ಕಿತು! ಒಂದು ಬಾಟಲಿ ಬೇಡಿ ಅದನ್ನು ತುಂಬಿಸಿಕೊಂಡ. ಆದರೆ ಹೊತ್ತು ಏರುತ್ತಿತ್ತು. ಚಂದನಾ ಸೀರೆ ಎತ್ತಿ ಹಿಡಿದು ಇಳಿದಳು.

"ಮಾವ, ಬೇಜಾರ್ ಮಾಡ್ಕಣ್ಬೇಡಿ. ನಂಗೆ ಇವತ್ತೇ ಮದಿ ಆಯ್ಕಲೆ?"

ಓಮ್ನಿ ಅವಳನ್ನು ಹತ್ತಿಸಿಕೊಂಡಿತು. ಸೂರ ಕರೆದರೂ ಸುಧಾಕರ ಹತ್ತಲಿಲ್ಲ. ಎತ್ತಿ ಆಡಿಸಿದ ಹುಡುಗಿ ಪರರ ಗಾಡಿಯಲ್ಲಿ ಹೋದಳಲ್ಲ ಎಂದು ಓಮ್ನಿ ಮರೆಯಾಗುವ ತನಕ ನೋಡಿದ. ಬಾಟಲಿ ಹಿಡಿದು ಬಸ್ಸಿಗೆ ಕಾದ.

ಯಡ್ತರೆಯ ಚಪ್ಪರಕ್ಕೆ ನುಗ್ಗುವಾಗ ತಾಳಿ ಕಟ್ಟಿ ಆಗಿತ್ತು. ಸೋದರಮಾವನ ಶಾಸ್ತ್ರವನ್ನು ಹಿರಿಯರು ಸೂರನಿಂದಲೇ ಮಾಡಿಸಿ ಮುಗಿಸಿದ್ದರು. ಸುಧಾಕರ ನಡುಚಪ್ಪರದಲ್ಲಿ ಬಾಟಲಿ ಎತ್ತಿ ಹಿಡಿದ.

"ಎಲ್ಲರೂ ಕಾಣಿ! ನನ್ ರೇಡಿಯೇಟರಿಗೆ ಈ ವಿಷ ಹಾಕದ್ದ್ ಯಾರ್ ಅಂದೇಳಿ ಈಗ್ಲೇ ತೀರ್ಮಾನ ಆಯ್ಕ್!"

ಓಲಗದವರೂ ಊದುವುದನ್ನು ನಿಲ್ಲಿಸಿದರು. ಕುಸುಮ ಎದ್ದು ಬಂದು ಬಾಟಲಿಗೆ ಮೂಗು ಹಿಡಿದಳು. ಇನ್ನೊಮ್ಮೆ ಹಿಡಿದಳು.

"ಹ್ವಾಯ್, ಇದ್ ನಮ್ ಕುಚ್ಚಕ್ಕಿ ಗಂಜಿ ತಿಳಿ ಅಲ್ದಾ? ನಮ್ ಇನ್ನೊಂದ್ ಬಿಳಿ ಕ್ಯಾನಗೆ ತುಂಬ್ಸಿ ದನಕ್ಕಂದೇಳಿ ಕೊಟ್ಟಿಗಿಯಗೆ ಇಟ್ಟದ್ದ್ ನಾನ್! ಬೆಳಿಗ್ಗೆ ಕಂಡ್ರೆ ಕ್ಯಾನಗೆ ಬರೀ ನೀರ್!" ಅಷ್ಟು ಹೇಳಿದವಳು ಜಲಜಳ ಕಡೆ ತಿರುಗಿ ದನಿ ಇಳಿಸಿದಳು. "ಜಲಜಕ್ಕ, ತಿಳಿ ಕದ್ದದ್ದ್ ನೀವೇ ಅಂದೇಳಿ ಬಸ್ಸಗೆ ನಾಲ್ಕ್ ಜನ್ರ ಹತ್ರ ಹೇಳ್ದೆ. ತಪ್ಪಾಯ್ತ್."

ಚಪ್ಪರ ಬಿದ್ದು ಹೋಗುವ ಹಾಗೆ ನಗು. ಮದುಮಗಳೂ ನಕ್ಕಳು. ಸುಧಾಕರನಿಗೆ ನೆಲ ಬಾಯಿ ಬಿಟ್ಟರೆ ಸಾಕಿತ್ತು. ಸೂರನೊಬ್ಬ ನಗದೆ ಬಂದು ಅವನ ಕೈ ಹಿಡಿದು ಊಟಕ್ಕೆ ಕೂರಿಸಿದ.

"ವಾಪಸ್ ಹೋಪತಿಗೆ ಓಮ್ನಿಯಗೇ ಹೋಪ, ಸುಧಾಕರಣ್ಣ. ಗುಡ್ಡ ಫೋನ್ ಮಾಡಿದ್ದ. ಗಂಜಿ ವಾಸ್ನಿಗೆ ಹೆಮ್ಮಾಡಿ ದನ ಎಲ್ಲ ನಿಮ್ ಕಾರಿನ ಸುತ್ತ ನಿಂತ್ಕಂಡಿದೊ ಅಂಬ್ರ್. ಅವ್ನಿಗೆ ಹತ್ರ ಹೋಪುಕೇ ಆತಿಲ್ಲೆ."

ಸುಧಾಕರ ಕಲಸಿದ ಅನ್ನ ಬಿಟ್ಟು ಸೂರನನ್ನು ಓರೆಗಣ್ಣಿನಲ್ಲಿ ನೋಡಿದ. ಆಮೇಲೆ ಪಕ್ಕದಲ್ಲಿದ್ದ ಕುಸುಮಳ ಕಿವಿಗೆ ಬಾಗಿ ಪಿಸುಗುಟ್ಟಿದ:

"ಆ ದನ ಬಿಟ್ಟದ್ದ್ ಯಾರ್ ಅಂದೇಳಿ ಕೇಳ್ಕಾಯ್ತ್."