ಗಾಂಧಿ ಗಂಜದ ಗೋದಾಮಿನಲ್ಲಿ ನಾನು ಮಾಡಿದ ಮಹಾಯುದ್ಧ

ಯುದ್ಧ ಮಾಡುವುದರಲ್ಲಿ ಅಂಥ ಕಷ್ಟವೇನಿದೆ? ಭಾಲ್ಕಿಯ ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಇತಿಹಾಸ ಪಾಠ ಮಾಡುತ್ತಿದ್ದೇನೆ. ಕರಿಹಲಗೆಯ ಮೇಲೆ ನಾನು ಗೆಲ್ಲಿಸದ ಸುಲ್ತಾನನಿಲ್ಲ, ಓಡಿಸದ ಸೇನಾಪತಿಯಿಲ್ಲ!

ಹಾಗಾಗಿ, ವಿದೇಶದಲ್ಲಿ ದೊಡ್ಡ ದೊಡ್ಡ ಗಂಡಸರು ಮೇಜಿನ ತುಂಬ ಪುಟ್ಟ ಗೊಂಬೆ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ, ಟೇಪು ಹಿಡಿದು ಅಳೆಯುತ್ತ ಹಳೆಯ ಯುದ್ಧಗಳನ್ನು ಮತ್ತೆ ಆಡುವುದನ್ನು ಫೋನಿನಲ್ಲಿ ನೋಡಿದ ದಿನವೇ ಘೋಷಿಸಿಬಿಟ್ಟೆ. "ಬಹಮನಿ–ವಿಜಯನಗರ ಯುದ್ಧ ನಾವೂ ಆಡ್ತೇವಿ!"

"ನಾವು ಅಂದ್ರ ಯಾರ್ಯಾರ್ರಿ?" ಎಂದಳು ಹೆಂಡತಿ ಸುವರ್ಣಾ.

ನಾವು ಎಂದರೆ ನಾನು ಮತ್ತು ಇಬ್ಬರು ಗೆಳೆಯರು. ಬೀದರಿನ ಮಕಬೂಲ್ ಭಾಯಿ ಬಿದ್ರಿ ಕೆಲಸದ ಕುಶಲಕರ್ಮಿ. ಔರಾದಿನ ಗೌತಮ ಸರ್ವೆಯರ್, ಟೇಪು ಹಿಡಿಯುವುದೇ ಅವನ ಉದ್ಯೋಗ, ಆದ್ದರಿಂದ ಅಂಪೈರ್. ಚೀಟಿ ಎತ್ತಿದಾಗ ನನಗೆ ಬಹಮನಿ ಸೇನೆ ಬಂತು, ಮಕಬೂಲ್ ಭಾಯಿಗೆ ವಿಜಯನಗರ.

ಮಕಬೂಲ್ ಭಾಯಿ ಎಂಟು ತಿಂಗಳಲ್ಲಿ ಹೆಬ್ಬೆರಳುದ್ದದ ಎಂಟುನೂರು ಸೈನಿಕರನ್ನು ಲೋಹದಲ್ಲಿ ಎರಕ ಹೊಯ್ದರು. ಕುದುರೆಯ ಬಾಲದ ಕೂದಲನ್ನೂ ಎಣಿಸಬಹುದಿತ್ತು! ಬಣ್ಣ ಹಚ್ಚುವ ಜವಾಬ್ದಾರಿಯನ್ನು ನಾನು ಯಾರಿಗೂ ಬಿಡಲಿಲ್ಲ. ಒಬ್ಬೊಬ್ಬರಿಗೂ ಕಣ್ಣು ಬರೆದೆ. ಎಂಟುನೂರು ಜನಕ್ಕೂ ಮೆಳ್ಳೆಗಣ್ಣಾಯಿತು.

"ಮಾಸ್ತರ್," ಎಂದರು ಮಕಬೂಲ್ ಭಾಯಿ ಒಬ್ಬನನ್ನು ಬೆಳಕಿಗೆ ಹಿಡಿದು, "ಈ ಲಷ್ಕರ್ ದುಶ್ಮನ್ ಕಡಿ ನೋಡ್ಲತ್ತದೋ, ತನ್ನ ಮೂಗು ನೋಡ್ಕೊಳ್ಳಲತ್ತದೋ?"

ರೈತರ ಧಾನ್ಯ ಮಾರಿಸಿಕೊಡುವ ಪರಿಚಯದ ಅಡತ್ ವ್ಯಾಪಾರಿಯೊಬ್ಬರು ಬೀದರಿನ ಮಾರುಕಟ್ಟೆ ಗಾಂಧಿ ಗಂಜದ ತಮ್ಮ ಗೋದಾಮನ್ನು ಒಂದು ಭಾನುವಾರದ ಮಟ್ಟಿಗೆ ಬಿಟ್ಟುಕೊಟ್ಟರು. ಸೋಮವಾರ ಹೊಸ ತೊಗರಿ ಬರುವುದರೊಳಗೆ ಎರಡೂ ಸಾಮ್ರಾಜ್ಯಗಳು ಜಾಗ ಖಾಲಿ ಮಾಡಬೇಕು. ಮೇಜುಗಳನ್ನು ಜೋಡಿಸಿ ಹದಿನೆಂಟು ಅಡಿ ಉದ್ದ, ಒಂಬತ್ತು ಅಡಿ ಅಗಲದ ರಣರಂಗ ನಿರ್ಮಿಸಿ, ಅದರಲ್ಲಿ ಒಂದು ದಿಣ್ಣೆ, ಒಂದು ಹೊಳೆ ಮಾಡಿದೆ.

"ಸರ್, ಒಂಬತ್ತು ಫೂಟ್ ಅಗಲ ಭಾಳ ಆಗ್ತದ್ರಿ," ಎಂದ ಗೌತಮ.

"ನೀ ಹೊಲ ಅಳಿಯಾಂವ. ನಾ ಸಾಮ್ರಾಜ್ಯ ಅಳಿಯಾಂವ," ಎಂದೆ. ಅವನು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ.

ನಟ್ಟನಡುವೆ ಕೋಟೆ. ಕೆಂಪು ಮಣ್ಣಿಗೆ ಸುಣ್ಣ ಸೇರಿಸಿ, ಮೇಲೆ ಬೆಲ್ಲ ಕಲಸುತ್ತಿದ್ದಾಗ ಸುವರ್ಣಾ ನೋಡಿದಳು.

"ಅಂಗಡಿಯಾಗ ಗೋಂದು ಸಿಗ್ತದಲ್ರಿ?"

"ಹಳೆ ಕಾಲದಾಗ ಗಾರೆಗೆ ಬೆಲ್ಲ ಹಾಕ್ತಿದ್ರು. ಇದು ಇತಿಹಾಸ!"

ಎಷ್ಟು ಹಾಕುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಜಾಸ್ತಿ ಹಾಕಿದಷ್ಟೂ ಕೋಟೆ ಗಟ್ಟಿ ಎಂದುಕೊಂಡೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮೆಹಕರದಿಂದ ನನ್ನ ಗುರುಗಳನ್ನೂ ಕರೆಸಿದೆ. ಈಗ ಎಂಬತ್ತು ದಾಟಿದ್ದಾರೆ. ಶಾಲೆಯಲ್ಲಿ ನನಗೆ ಇತಿಹಾಸದಲ್ಲಿ ಮೂವತ್ತೈದು ಅಂಕ ಕೊಟ್ಟು, "ಇದೂ ಜಾಸ್ತೀನೇ ಆಯ್ತು" ಎಂದಿದ್ದ ಮಹಾನುಭಾವರು. ಅವರ ಮುಂದೆ ಒಮ್ಮೆ ಗೆದ್ದು ತೋರಿಸಬೇಕೆಂಬುದು ನನ್ನ ಮೂವತ್ತು ವರ್ಷಗಳ ಆಸೆ.

ಯುದ್ಧ ಬೆಳಿಗ್ಗೆ ಶುರುವಾಯಿತು. ಎಂಥ ಯುದ್ಧ! ಗಂಜದ ಹಮಾಲರು ಚಹಾ ಲೋಟ ಹಿಡಿದು ಒಳಗೆ ಬಂದವರು ಹೊರಗೆ ಹೋಗಲೇ ಇಲ್ಲ. ಅರ್ಧ ಜನ ಬಹಮನಿ ಕಡೆ, ಅರ್ಧ ಜನ ವಿಜಯನಗರದ ಕಡೆ. ನನ್ನ ಕುದುರೆ ಸವಾರರನ್ನು ದಿಣ್ಣೆಯ ಹಿಂದಿನಿಂದ ಎಡಕ್ಕೆ ತಂದು ನುಗ್ಗಿಸಿದೆ. ದಾಳ ಸಾಲಾಗಿ ಆರು ತೋರಿಸಿತು. ಮಕಬೂಲ್ ಭಾಯಿ ಬೆವರು ಒರೆಸಿಕೊಂಡರು. ಮೂಟೆಯ ಮೇಲೆ ಕುಳಿತಿದ್ದ ಗುರುಗಳು ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದರು. ನನ್ನ ಜನ್ಮ ಸಾರ್ಥಕವಾಯಿತು!

ಇನ್ನು ನಡುವಿನ ಆನೆಗಳನ್ನು ನುಗ್ಗಿಸಿದರೆ ಗೆಲುವು ನನ್ನದು. ಕೈ ಚಾಚಿದೆ. ಎಟುಕಲಿಲ್ಲ. ಆ ಬದಿಯಿಂದ ಮಕಬೂಲ್ ಭಾಯಿ ಚಾಚಿದರು. ಅವರಿಗೂ ಎಟುಕಲಿಲ್ಲ. ಯುದ್ಧಭೂಮಿಯ ನಡುವಿನ ಪಟ್ಟಿಯನ್ನು ಆಳುವ ಶಕ್ತಿ ಯಾವ ದೊರೆಗೂ ಇರಲಿಲ್ಲ!

ಗೌತಮ ತನ್ನ ಟೇಪನ್ನು ಒಮ್ಮೆ ನೋಡಿದ.

ಹಮಾಲರು ಲಾರಿಗೆ ಮೂಟೆ ಏರಿಸುವ ಉದ್ದನೆಯ ಹಲಗೆ ತಂದು, ಆಚೆ ಈಚೆ ತೊಗರಿ ಮೂಟೆ ಪೇರಿಸಿ, ಮೇಜಿನ ಮೇಲೆ ಸೇತುವೆ ಕಟ್ಟಿದರು.

"ನೀವು ಹತ್ತಬ್ಯಾಡ್ರಿ," ಎಂದಳು ಸುವರ್ಣಾ. "ಹಗರ ಇದ್ದವ್ರು ಯಾರರೆ ಹತ್ಲಿ."

"ಸೇನಾಪತಿ ತಾನೇ ಮುಂದ ಇರಬೇಕು!" ಎಂದು ಹಲಗೆಯ ಮೇಲೆ ಹೊಟ್ಟೆಯೂರಿ ತೆವಳುತ್ತ ಹೊರಟೆ. ಕೋಟೆಯ ನೇರಕ್ಕೆ ಬಂದಾಗ ಆನೆ ಕೈಗೆ ಸಿಕ್ಕಿತು. ಅದೇ ಹೊತ್ತಿಗೆ ಕೆಂಪಿರುವೆಗಳಿಗೆ ನಾನು ಸಿಕ್ಕೆ.

ಬೆಲ್ಲದ ಕೋಟೆಯನ್ನು ಅವು ಯಾವಾಗಲೋ ವಶಪಡಿಸಿಕೊಂಡಿದ್ದವು! ಬುರುಜಿನಿಂದ ನನ್ನ ತೋಳಿಗೆ, ತೋಳಿನಿಂದ ಅಂಗಿಯೊಳಕ್ಕೆ ಶಿಸ್ತಾಗಿ ಸಾಲುಗಟ್ಟಿ ಬಂದವು. ಮೊದಲು ಸಹಿಸಿದೆ. ಆಮೇಲೆ ಒದರಿದೆ. ಕೊನೆಗೆ ಹೊರಳಿದೆ.

ಧಡ್!

ಕೋಟೆ ಬಿತ್ತು. ಬಹಮನಿ ಬಿತ್ತು. ವಿಜಯನಗರವೂ ಬಿತ್ತು. ಎಲ್ಲದರ ಮೇಲೆ ನಾನು.

"ಮಕಬೂಲ್ ಭಾಯಿ, ನಿಮ್ಮ ಸೈನ್ಯ..." ಎಂದೆ ನರಳುತ್ತ.

ಅವರು ಒಬ್ಬೊಬ್ಬನನ್ನೇ ಎತ್ತಿ ನೋಡಿದರು. "ಒಂದೂ ಮುರಿದಿಲ್ಲ ಮಾಸ್ತರ್. ಬೀದರ್ ಮಾಲ್ ಅದ! ನಿಮ್ಮದೇನರೆ ಮುರೀತೇನು?"

ಗುರುಗಳು ಕಣ್ಣೀರು ಬರುವಷ್ಟು ನಗುತ್ತಿದ್ದರು. "ಎರಡೂ ಲಷ್ಕರ್ ಒಬ್ಬನೇ ಮನುಷ್ಯ ಮುಗಿಸಿದ್ದು ನಾ ಯಾವ ಪುಸ್ತಕದಾಗೂ ಓದಿಲ್ಲೋ!" ಎಂದರು. ಆಮೇಲೆ ತಲೆ ತೂಗಿದರು. "ಆದ್ರ ಕುದುರಿ ಎಡಕ್ಕ ತಂದಿ ನೋಡು, ಅದು ಭಾಳ ಛಂದ ಇತ್ತು. ತಗೋ, ನಲವತ್ತು ಕೊಡ್ತೇನಿ."

ಐದು ಅಂಕ ಜಾಸ್ತಿ! ಬಿದ್ದಲ್ಲೇ ನನ್ನ ಎದೆ ಉಬ್ಬಿತು.

"ಮತ್ತ ನಿಲ್ಲಸ್ರಿ. ನಾ ಪೂರಾ ನೋಡೇ ಹೋಗ್ತೇನಿ," ಎಂದು ಗುರುಗಳು ಪಟ್ಟು ಹಿಡಿದರು. ಮೇಜಿನ ಒಂದು ಸಾಲು ತೆಗೆದು, ಕೋಟೆಯ ಜಾಗದಲ್ಲಿ ಖಾಲಿ ಡಬ್ಬಿ ಇಟ್ಟು, ಹಮಾಲರೇ ಎರಡೂ ಸೇನೆ ನಿಲ್ಲಿಸಿದರು. ನನ್ನ ಸೊಂಟ ನೆಟ್ಟಗಾಗಲಿಲ್ಲ. ಬಹಮನಿ ಸೇನೆಯನ್ನು ಸುವರ್ಣಾ ವಹಿಸಿಕೊಂಡಳು. ಬೆಳಗಿನಿಂದ ಸುಮ್ಮನೆ ನೋಡುತ್ತಿದ್ದವಳು, ಸಂಜೆಯೊಳಗೆ ವಿಜಯನಗರವನ್ನು ಹೊಳೆ ದಾಟಿಸಿ ಓಡಿಸಿದಳು! ಮಕಬೂಲ್ ಭಾಯಿ ಎದ್ದು ನಿಂತು ಸಲಾಮು ಹೊಡೆದರು. ಗುರುಗಳು ಅವಳಿಗೆ ಎಷ್ಟು ಅಂಕ ಕೊಟ್ಟರೆಂದು ನಾನು ಇಲ್ಲಿ ಬರೆಯುವುದಿಲ್ಲ.

ಮೊನ್ನೆ ಭಾಲ್ಕಿ ಬಸ್ ನಿಲ್ದಾಣದಲ್ಲಿ ಅಪರಿಚಿತರೊಬ್ಬರು ದೂರದಿಂದಲೇ ಕೈ ಮುಗಿಯುತ್ತ ಬಂದರು.

"ಗಂಜದಾಗ ಯುದ್ಧ ಮಾಡಿದ್ದು..."

"ಹೌದ್ರಿ, ನಾನೇ!" ಎಂದು ಎದೆ ಉಬ್ಬಿಸಿ ಕಾಲರ್ ಸರಿಮಾಡಿಕೊಂಡೆ.

"ಅಲ್ರಿ, ಆ ಸುವರ್ಣಾ ಮೇಡಂ ಇದ್ದಾರಲ್ಲ, ನೀವು ಅವರ ಮನಿಯವ್ರೇನ್ರಿ?"

"ಹೌದ್ರಿ," ಎಂದೆ, ಎದೆ ಉಬ್ಬಿಸಿಕೊಂಡೇ. ಏನು ಮಾಡಲಿ, ಅಷ್ಟು ಜನರ ಮುಂದೆ ಒಮ್ಮೆ ಉಬ್ಬಿಸಿದ್ದನ್ನು ತಕ್ಷಣ ಇಳಿಸಲು ಬರುವುದಿಲ್ಲವಲ್ಲ!