ಪರಮೇಶ ಹಿಡಿದ ಕೈ

ಕನ್ಯೆ ನೋಡಲು ಹೊರಟ ಪರಮೇಶನಿಗೆ ಸೋದರಮಾವ ಮಹಾದೇವಪ್ಪ ಬಸ್ಸಿನಲ್ಲಿ ಕೊಟ್ಟ ಬುದ್ಧಿಮಾತೇ ಎಲ್ಲ ಫಜೀತಿಗೂ ಮೂಲ.

“ತುಂಬುತೋಳಿನ ಅಂಗಿ ಹಾಕ್ಕೊಂಡೀದಿ, ಚಲೋ ಆತು. ಚಾ ಕುಡಿಯೋತನ ಬಲಗೈ ಸುದ್ದಿ ತೆಗೀಬ್ಯಾಡ. ಉಳಿದದ್ದೆಲ್ಲ ನಾ ಮಾತಾಡೀನಿ.”

ಪರಮೇಶನ ಬಲಗೈ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಹೋಗಿತ್ತು. ಈಗಿರುವುದು ಕಲಬುರಗಿಯ ಶಿಬಿರವೊಂದರಲ್ಲಿ ಹಾಕಿಸಿಕೊಂಡ ಬ್ಯಾಟರಿ ಕೈ. ತೋಳಿನ ಒಂದು ಸ್ನಾಯು ಬಿಗಿದರೆ ಬೆರಳು ಮಡಚುತ್ತವೆ, ಇನ್ನೊಂದು ಬಿಗಿದರೆ ಬಿಚ್ಚುತ್ತವೆ. ಮೇಲೆ ಮೈಬಣ್ಣದ ಗವಸು. ಅಫಜಲಪುರದಿಂದ ಚೌಡಾಪುರದ ತನಕ ಅದರಿಂದ ಶೇಂಗಾ ಎತ್ತುತ್ತ, ಬಿಡುತ್ತ ಅಭ್ಯಾಸ ಮಾಡಿದ. ಬ್ಯಾಟರಿಯ ನೆನಪೇ ಆಗಲಿಲ್ಲ.

ಕನ್ಯೆಯ ಅಪ್ಪ ದೇವಿಂದ್ರಪ್ಪನ ಪಡಸಾಲೆಯಲ್ಲಿ ಅರ್ಧ ಓಣಿ ಕೂತಿತ್ತು. ಕನ್ಯೆ ಅನುರಾಧಾ ಸರ್ಕಾರಿ ದವಾಖಾನೆಯ ನರ್ಸು. ಪರಮೇಶ ಬಲಗೈಯಲ್ಲಿ ಚಮಚ ಹಿಡಿದು ಒಂದು ತುತ್ತು ಮಂಡಕ್ಕಿ ಸುಸಲಾ ಬಾಯಿಗಿಟ್ಟ. ಹಗ್ಗದ ಮೇಲೆ ನಡೆಯುವವನನ್ನು ನೋಡುವಂತೆ ಪಕ್ಕದ ಮನೆಯ ಶಿವಕಾಂತಾ ಉಸಿರು ಬಿಗಿಹಿಡಿದು ನೋಡಿದಳು.

ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನ್ ನಿಂತು ಬೆವರು ತೋಳಿಗಿಳಿದದ್ದೇ ತಡ, ಕೈಗೆ ತಲೆ ಕೆಟ್ಟಿತು. ಚಮಚ ಹಾರಿತು. ಚಹಾದ ಕಪ್ಪಾದರೂ ಉಳಿಯಲೆಂದು ದೇವಿಂದ್ರಪ್ಪ ಕೈ ಚಾಚಿದ. ಬೆರಳುಗಳು ಅವನ ಮಣಿಕಟ್ಟನ್ನು ಗಪ್ಪನೆ ಹಿಡಿದವು. ಕುಂಯ್ ಎಂದು ಬ್ಯಾಟರಿ ಸತ್ತಿತು.

“ಬಿಡ್ರಿ,” ಎಂದ ದೇವಿಂದ್ರಪ್ಪ.

“ನಾ ಬಿಡಾಕತ್ತೇನ್ರಿ, ಅದು ಬಿಡವಲ್ದು.” ಪರಮೇಶ ತಲೆ ತಗ್ಗಿಸಿದ. “ಯಜಮಾನ್ರ, ಈ ಕೈ ನಂದಲ್ರಿ.”

“ಗೊತ್ತದ ತಗೋರಿ, ಅದನ್ನ ನೋಡಾಕೇ ಬಂದೀವಿ,” ಎಂದಳು ಶಿವಕಾಂತಾ.

ದೇವಿಂದ್ರಪ್ಪ ನಕ್ಕ. “ನಿಮ್ಮ ಮಾಮಾ ಮೊದಲ ದಿನಾನೇ ಹೇಳ್ಯಾನ. ಮನುಷ್ಯಾ ಚಲೋ ಇದ್ರ ಸಾಕು ಅಂದೀವಿ ನಾವು.”

ಪರಮೇಶನ ಎದೆ ಹತ್ತಿಯಷ್ಟು ಹಗುರಾಯಿತು. ಕಣ್ಣೂ ಒದ್ದೆಯಾಯಿತು. “ಹಂಗಾದ್ರ ಝೆರಾಕ್ಸ್ ಅಂಗಡೀದೂ ಹೇಳಿರಬೇಕಲ್ರಿ?”

“ಯಾವ ಅಂಗಡಿ?”

“ನಂದ್ರಿ. ತಹಶೀಲ ಆಫೀಸಿನ ಗೇಟಿನ ಮುಂದ ಅದ.”

“ಆಫೀಸಿನಾಗ ನೌಕರಿ ಅಂದಿದ್ದ.”

ಮಾವ ತನ್ನ ಬಾಯಿ ಕಟ್ಟಿದ್ದು ಕೈ ಮುಚ್ಚಿಡಲಿಕ್ಕಲ್ಲ, ಅಂಗಡಿ ಮುಚ್ಚಿಡಲಿಕ್ಕೆ ಎಂದು ಪರಮೇಶನಿಗೆ ಆಗ ಹೊಳೆಯಿತು. ಮಹಾದೇವಪ್ಪ ಎದ್ದು ನಿಂತ. “ಬಸ್ಸಿನ ಟೈಮ್ ಕೇಳ್ಕೊಂಡ್ ಬರ್ತೇನಿ,” ಎಂದವನು ಹೊಸ್ತಿಲು ದಾಟಿ ಮಾಯವಾದ.

“ನೀವೂ ಹೋಗಿ ಬರ್ರಿ,” ಎಂದ ದೇವಿಂದ್ರಪ್ಪ. ಆಮೇಲೆ ಇಬ್ಬರೂ ಕೈ ನೋಡಿದರು. ಮಗಳ ಕೈ ಹಿಡಿಯಲು ಬಂದವನು ಅಪ್ಪನ ಕೈ ಹಿಡಿದು ಕೂತಿದ್ದ.

“ಬೇಕಾದ್ರ ತೋಳಿಂದ ಬಿಚ್ಚಿ ಇಲ್ಲೇ ಬಿಟ್ಟು ಹೋಗ್ತೇನ್ರಿ.”

“ಬ್ಯಾಡ,” ದೇವಿಂದ್ರಪ್ಪ ಬೆವೆತ. “ಇದನ್ನ ನನ್ನ ಕೊರಳಿಗೆ ಕಟ್ಟಬ್ಯಾಡ್ರಿ. ಕರೆಂಟ್ ಬರೋತನ ಕುಂದರ್ರಿ.”

ಓಣಿಯವರು ಒಬ್ಬೊಬ್ಬರೇ ಎದ್ದು ಹೋದರು. ಅನುರಾಧಾ ಪರಮೇಶನ ಚೀಲದಿಂದ ಚಾರ್ಜರ್ ತೆಗೆದು, ಕರೆಂಟ್ ಬಂದಾಗ ಆಗಲೆಂದು ಕೈಗೆ ಸಿಕ್ಕಿಸಿದಳು, ಅಪ್ಪನ ಮಣಿಕಟ್ಟಿಗೆ ತಣ್ಣನೆಯ ಬಟ್ಟೆ ಸುತ್ತಿ ಎದುರಿಗೆ ಕೂತಳು.

“ತೋಳು ನೋಯ್ತದೇನ್ರಿ?”

ಊರೆಲ್ಲ ಕೈ ನೋಡಿತ್ತು, ತೋಳಿನ ಸುದ್ದಿ ಯಾರೂ ಕೇಳಿರಲಿಲ್ಲ. “ಬ್ಯಾಸಗ್ಯಾಗ ಭಾಳ ನೋಯ್ತದ್ರಿ,” ಎಂದ.

“ಒಳಗ ತೆಳ್ಳನ್ನ ಹತ್ತಿ ಬಟ್ಟಿ ಹಾಕ್ರಿ. ಒಂಟಿ ಕೈಲೆ ಅಂಗಡಿ ಹೆಂಗ್ ನಡಸ್ತಿದ್ರಿ?”

“ಹಾಳಿ ಹಲ್ಲಿನಾಗ ಹಿಡೀತಿದ್ದೆ. ಒಬ್ಬರ ಪಹಣಿ ಮ್ಯಾಲ ನನ್ನ ಹಲ್ಲಿನ ಗುರುತು ಬಿದ್ದು, ಸಾಹೇಬ್ರು ಅದನ್ನ ಸೀಲು-ಸಿಕ್ಕಾ ಅಂತ ತಿಳ್ಕೊಂಡು ಪಾಸ್ ಮಾಡಿದ್ರು.”

ಅನುರಾಧಾ ಸೆರಗು ಬಾಯಿಗಿಟ್ಟು ನಕ್ಕಳು. ನಡುವೆ ದೇವಿಂದ್ರಪ್ಪ ಕಣ್ಣು ಮುಚ್ಚಿ ಕಲ್ಲಿನಂತೆ ಕೂತಿದ್ದ.

“ಒಂದ್ ಮಾತು ಕೇಳ್ಲೇನ್ರಿ?” ಅವಳು ದನಿ ತಗ್ಗಿಸಿ ಮುಂದೆ ಬಾಗಿದಳು.

ಫ್ಯಾನ್ ಗಿರ್ರೆಂದು ತಿರುಗಿತು. ಪರಮೇಶ ಬೇಡವೆಂದುಕೊಂಡರೂ ಐದು ಬೆರಳೂ ಸಭ್ಯವಾಗಿ ಬಿಚ್ಚಿಕೊಂಡವು. ದೇವಿಂದ್ರಪ್ಪ ಮಣಿಕಟ್ಟು ತಿಕ್ಕುತ್ತ ಎದ್ದು, ಪರಮೇಶನ ಚಪ್ಪಲಿಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟ.

ಹೋದದ್ದಕ್ಕೆ ಕರೆಂಟನ್ನು ಎಷ್ಟೋ ಸಲ ಬೈದಿದ್ದ ಪರಮೇಶ, ಬಂದದ್ದಕ್ಕೆ ಬೈದದ್ದು ಅದೇ ಮೊದಲು.