ಘಮ ನುಂಗಿದ ನಾರು

ಕೆಲವರಿಗೆ ಕೈಕಟ್ಟಿ ಕುಳಿತುಕೊಳ್ಳುವುದು ಹುಟ್ಟಿನಿಂದಲೇ ಬರುತ್ತದೆ. ನನಗೆ ಈ ವಯಸ್ಸಿನವರೆಗೂ ಬಂದಿಲ್ಲ. ಕುರ್ಚಿಯಲ್ಲಿ ಕುಳಿತರೆ ಕಾಲು ಅಲ್ಲಾಡುತ್ತದೆ, ಕಾಲು ನಿಲ್ಲಿಸಿದರೆ ತಲೆ ಓಡುತ್ತದೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಾನು ಮಡಿಕೇರಿಯಲ್ಲಿ ವಿಜ್ಞಾನದ ಮೇಷ್ಟರಾಗಿದ್ದೆ. ಮಳೆಗಾಲದ ರಜೆಯಲ್ಲಿ ಹೊತ್ತು ಹೋಗದೆ ಯಾವುದೋ ಪತ್ರಿಕೆ ಓದಿದೆ. ಮರದಲ್ಲಿ, ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ಪದಾರ್ಥವಿದೆಯಂತೆ. ಗಾಳಿ ತಾಗದಂತೆ ಕಾಯಿಸಿದರೆ ಅದು ಇದ್ದಿಲಾಗಿ ಮೈತುಂಬ ಕಣ್ಣಿಗೆ ಕಾಣದ ತೂತುಗಳಾಗುತ್ತವಂತೆ. ಆ ತೂತುಗಳು ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತವಂತೆ.

ನಮ್ಮ ಅಡುಗೆಮನೆಯ ಕಪಾಟು ಮುಗ್ಗಲು ನಾರುತ್ತಿತ್ತು. ನನಗೆ ಇನ್ನೇನು ಬೇಕು? ತೆಂಗಿನ ನಾರನ್ನು ಬಿಸ್ಕತ್ತಿನ ಡಬ್ಬಿಗೆ ತುರುಕಿ, ಹೊಗೆ ಹೋಗಲು ಸಣ್ಣ ಕಿಂಡಿ ಬಿಟ್ಟು, ಮುಚ್ಚಳಕ್ಕೆ ಮಣ್ಣು ಮೆತ್ತಿ ಬಚ್ಚಲೊಲೆಯಲ್ಲಿಟ್ಟೆ. ಆದರೆ ಆಯಿತೋ ಇಲ್ಲವೋ ಎಂಬ ತಳಮಳ ತಡೆಯಲಾಗದೆ, ಕೆಂಪಗಿದ್ದಾಗಲೇ ಮುಚ್ಚಳ ಕಿತ್ತೆ. ಗಾಳಿ ತಾಗಿ ನಾರೆಲ್ಲ ಬೂದಿಯಾಯಿತು. ಎರಡನೆಯ ಸಲ ನನ್ನ ಹೆಂಡತಿ ದೇವಕಿ ಡಬ್ಬಿ ತಣಿಯುವವರೆಗೆ ಇಕ್ಕಳವನ್ನೇ ಬಚ್ಚಿಟ್ಟಳು. ಕರಿಕೂದಲಿನಂಥ ನಾರು ಸಿಕ್ಕಿತು. ಬಟ್ಟೆಯ ಚೀಲದಲ್ಲಿ ಕಟ್ಟಿ ಕಪಾಟಿನಲ್ಲಿಟ್ಟೆ. ಮುಗ್ಗಲು ವಾಸನೆ ಹೋಯಿತು. ಅಲ್ಲಿಗೆ ಸುಮ್ಮನಿರಬೇಕಿತ್ತು. ಕಾಫಿಪುಡಿಗೂ ಥಂಡಿ ತಾಗದಿರಲಿ ಎಂದು, ಅವಳಿಗೆ ಹೇಳದೆ, ಅದರ ಡಬ್ಬಿಯ ತಳದಲ್ಲೂ ಒಂದು ಚೀಲ ಹುದುಗಿಸಿದೆ.

ಅದು ಮಾದಾಪುರದ ಮಾವನವರು ಕಳಿಸಿದ್ದ ಕಾಫಿ. ಅವರ ಹೊಸ ತಾಕಿನ ಮೊದಲ ಫಸಲು. ಸ್ವಲ್ಪ ದಿನದಲ್ಲೇ ಅವರು ಮಗಳನ್ನು ನೋಡಲು ಬಂದರು. ಕಾಫಿ ಕುಡಿದರು, ಲೋಟ ಮೂಸಿದರು, ಇನ್ನೊಂದು ಗುಟುಕು ಕುಡಿದರು. ಮುಖ ಇಳಿದುಹೋಯಿತು.

"ಎಂತದೂ ಘಮ ಇಲ್ಲ ಅಳಿಯಂದಿರೇ. ಆ ತಾಕಿನ ಗಿಡ ಎಲ್ಲ ಕೀಳಿಸಿಬಿಡ್ತೇನೆ. ಆ ನೆಲ ಆಗಲ್ಲ," ಎಂದರು. ಆ ಗಿಡಗಳನ್ನು ಅವರು ಮಕ್ಕಳಂತೆ ಸಾಕಿದ್ದರು.

ನನಗೆ ಆಗ ಹೊಳೆಯಿತು. ಕುರ್ಚಿಯಲ್ಲಿ ಒದ್ದಾಡಿದೆ, ಎದ್ದೆ, ಮತ್ತೆ ಕುಳಿತೆ. ಬಾಯಿ ಬಿಡುವಷ್ಟರಲ್ಲಿ, ಪುಡಿ ಕೆಟ್ಟಿದೆಯೇನೋ ನೋಡುತ್ತೇನೆಂದು ದೇವಕಿ ಡಬ್ಬಿಯನ್ನು ಮೊರಕ್ಕೆ ಸುರಿದಳು. ಚೀಲ ದೊಪ್ಪನೆ ಬಿತ್ತು. ಅವಳು ನನ್ನನ್ನೊಮ್ಮೆ ನೋಡಿದಳು. ಮಾವನವರು ಕಳಿಸಿದ್ದ ಮೂಟೆಯಲ್ಲಿ ಉಳಿದಿದ್ದ ಬೀಜ ಹುರಿದು, ಪುಡಿಮಾಡಿ, ಹೊಸದಾಗಿ ಕಾಫಿ ಮಾಡಿ ತಂದಳು. ಪರಿಮಳ ಅವಳಿಗಿಂತ ಮೊದಲೇ ಹಜಾರಕ್ಕೆ ಬಂತು.

ಮಾವನವರು ಲೋಟ ಖಾಲಿಮಾಡಿ, ಚೀಲ ಬಿಚ್ಚಿ, ನಾರನ್ನು ಬೆಳಕಿಗೆ ಹಿಡಿದರು. ನಾನು ತೂತುಗಳ ವಿಷಯವನ್ನು ತೊದಲುತ್ತ ವಿವರಿಸಿದೆ.

"ಕಣ್ಣಿಗೆ ಕಾಣದ ತೂತಿಗೆ ನನ್ನ ತೋಟ ಹೋಗ್ತಿತ್ತಲ್ಲ," ಎಂದರು. ಹೊರಡುವಾಗ ಮಗಳೊಡನೆ ಮಾತ್ರ ಮಾತಾಡಿದರು: ಕ್ರಿಸ್‌ಮಸ್ ರಜೆಯಲ್ಲಿ ಇವರನ್ನು ತೋಟಕ್ಕೆ ಕಳಿಸು, ಕೈಗೆ ಕೆಲಸ ಇರಲಿ.

ಹೋದೆ. ಅದೇ ತಾಕಿನಲ್ಲಿ ಕಾಫಿಹಣ್ಣು ಕೊಯ್ಯುವ ಪಿಕಿಂಗಿಗೆ ನಿಂತೆ. ಎಲ್ಲರ ಬುಟ್ಟಿಗಳೂ ನೇರವಾಗಿ ಕಣಕ್ಕೆ ಹೋಗುತ್ತಿದ್ದವು. ನನ್ನದನ್ನು ಮಾತ್ರ ಮಾವನವರು ನಿಲ್ಲಿಸಿ, ತಳದವರೆಗೆ ಕೈಯಾಡಿಸಿ ನೋಡಿ, ಆಮೇಲೆ ಬಿಡುತ್ತಿದ್ದರು.